ಸಹಾಯ ಬೇಕು: ಬೆಳಗಿನ ದೀರ್ಘ ಓಟಕ್ಕೆ ಮುನ್ನ ಯಾವಾಗ, ಎಷ್ಟು ತಿನ್ನಬೇಕು?

ಎಲ್ಲರಿಗೂ ನಮಸ್ಕಾರ. ಹಾಫ್ ಮ್ಯಾರಥಾನ್‌ಗೆ ಅಭ್ಯಾಸ ಮಾಡುತ್ತಿರುವ ನಾನು ಭಾನುವಾರ ಬೆಳಿಗ್ಗೆ 5.30ಕ್ಕೆ ಓಟ ಆರಂಭಿಸುತ್ತೇನೆ. ಬರಿಹೊಟ್ಟೆಯಲ್ಲಿ ಹೊರಟರೆ ಕೊನೆಯ ಕಿಲೋಮೀಟರ್‌ಗಳಲ್ಲಿ ಕಾಲು ಸೋಲುತ್ತದೆ. ಮುಕ್ಕಾಲು ಗಂಟೆ ಮುನ್ನ ಬಾಳೆಹಣ್ಣು ತಿಂದರೆ ಆರಂಭದಲ್ಲೇ ತಲೆ ಹಗುರಾಗಿ ಕೈ ನಡುಗುತ್ತದೆ. ಇಡ್ಲಿ ತಿಂದೂ ನೋಡಿದೆ, ಹೊಟ್ಟೆ ಭಾರವಾಯಿತು. ಸಕ್ಕರೆ ಕಾಯಿಲೆ ಇಲ್ಲವೆಂದು ರಕ್ತಪರೀಕ್ಷೆಯಲ್ಲಿ ಖಚಿತವಾಗಿದೆ.

ನಾನು ಓದಿ ತಿಳಿದಂತೆ, ರಾತ್ರಿಯಿಡೀ ಏನೂ ತಿನ್ನದಿರುವಾಗ ಯಕೃತ್ತಿನ ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ಬಹುಮಟ್ಟಿಗೆ ಕಡಿಮೆಯಾದರೂ ಸ್ನಾಯುಗಳಲ್ಲಿರುವುದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ತಿಂದೊಡನೆ ಏರುವ ಇನ್ಸುಲಿನ್ ಕೊಬ್ಬಿನ ದಹನವನ್ನು ತಗ್ಗಿಸುತ್ತದೆ, ಅದೇ ಹೊತ್ತಿಗೆ ಓಡುವ ಸ್ನಾಯುಗಳೂ ಗ್ಲೂಕೋಸನ್ನು ಎಳೆದುಕೊಳ್ಳುವುದರಿಂದ ಕೆಲವರಲ್ಲಿ ರಕ್ತದ ಸಕ್ಕರೆ ಕುಸಿಯುತ್ತದೆ. ಓಟಕ್ಕೆ 1ರಿಂದ 4 ಗಂಟೆ ಮುನ್ನ, ದೇಹತೂಕದ ಪ್ರತಿ ಕಿಲೋಗೆ 1ರಿಂದ 4 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸಬೇಕೆಂಬುದು ಕ್ರೀಡಾ ಪೋಷಣೆಯ ಸಾಮಾನ್ಯ ಸಲಹೆ. ಅದಕ್ಕಾಗಿ ನಡುರಾತ್ರಿ ಎದ್ದು ಒಲೆ ಹಚ್ಚುವುದು ಸಂಸಾರಸ್ಥರಿಗೆ ಆಗುವ ಮಾತಲ್ಲ.

ನನ್ನ ಗೊಂದಲ ಇಷ್ಟೇ: ಹಿಂದಿನ ರಾತ್ರಿ ಅನ್ನ ಹೆಚ್ಚು ಉಂಡು, ಬೆಳಿಗ್ಗೆ ಏನನ್ನೂ ತಿನ್ನದೆ, ಓಟಕ್ಕೆ ಐದು ನಿಮಿಷ ಮುನ್ನ ಅಥವಾ ಓಡುತ್ತಲೇ ಬೆಲ್ಲದ ಪಾನಕ ಕುಡಿದರೆ ಕೊನೆಯಲ್ಲಿ ಕಾಲು ಸೋಲುವುದು, ಆರಂಭದಲ್ಲಿ ಕೈ ನಡುಗುವುದು ಈ ಎರಡೂ ತೊಂದರೆ ತಪ್ಪುತ್ತವೆಯೇ? ಹೀಗೆ ಮಾಡಿ ನೋಡಿರುವವರು ಅಥವಾ ಕ್ರೀಡಾ ಪೋಷಣೆ ಬಲ್ಲವರು ಪ್ರಮಾಣ ಮತ್ತು ಸಮಯವನ್ನು ದಯವಿಟ್ಟು ತಿಳಿಸುವಿರಾ?