ಅಪ್‌ಡೇಟ್: ವೆಲೆನ್ಸಿಯಾಗೆ ಬಂದು ಸೇರಿದೆವು

ಬೆಂಗಳೂರು ಬಿಟ್ಟು ಸ್ಪೇನ್ ಕರಾವಳಿಯಲ್ಲಿ ಮನೆ ಮಾಡಬಹುದಾ, ಸಸ್ಯಾಹಾರಿಗಳಿಗೆ ಕಷ್ಟ ಆಗುತ್ತಾ ಅಂತ ಕೇಳಿದ್ದೆನಲ್ಲ, ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ನಾನು ಮತ್ತು ನನ್ನ ಹೆಂಡತಿ ಈಗ ವೆಲೆನ್ಸಿಯಾದಲ್ಲಿದ್ದೇವೆ.

ಬಂದಿದ್ದು 2023ರಲ್ಲಿ ಶುರುವಾದ ಡಿಜಿಟಲ್ ನೊಮ್ಯಾಡ್ ವೀಸಾದಲ್ಲಿ, ಅಂದರೆ ಸ್ಪೇನ್‌ನಲ್ಲಿದ್ದುಕೊಂಡು ಹೊರದೇಶದವರಿಗೆ ಆನ್‌ಲೈನಲ್ಲಿ ಕೆಲಸ ಮಾಡುವವರಿಗೆ ಕೊಡುವ ವೀಸಾ. ಆದಾಯ ಇಲ್ಲಿನ ಕನಿಷ್ಠ ವೇತನದ ಎರಡು ಪಟ್ಟಿರಬೇಕು, ಜೊತೆಗೆ ಸಂಗಾತಿ ಬಂದರೆ ಆ ಕನಿಷ್ಠ ವೇತನದ ಇನ್ನೂ 75% ಸೇರಿಸಿ ತೋರಿಸಬೇಕು. ಪೊಲೀಸ್ ಕ್ಲಿಯರೆನ್ಸ್‌ಗೆ, ಮದುವೆ ಸರ್ಟಿಫಿಕೇಟ್‌ಗೆ ಅಪೋಸ್ಟಿಲ್ (ದಾಖಲೆ ಅಸಲಿ ಅಂತ ಹೊರದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ) ಮಾಡಿಸಿ ಆಮೇಲೆ ಅಧಿಕೃತ ಅನುವಾದ ಮಾಡಿಸಿ.

ಎಲ್ಲಕ್ಕಿಂತ ಸುಸ್ತು ಮಾಡಿದ್ದು ಬಾಡಿಗೆ ಮನೆ. ಓನರ್‌ಗಳಿಗೆ ಸ್ಪೇನ್ ಕಂಪನಿಯ ಪೇ ಸ್ಲಿಪ್ಪೇ ಬೇಕು, ನಾನು ಹೊರದೇಶದವರಿಗೆ ಫ್ರೀಲ್ಯಾನ್ಸ್ ಮಾಡುವವನು. ಒಬ್ಬ ಬ್ರೋಕರ್ ಇಡೀ ವರ್ಷದ ಬಾಡಿಗೆ ಮುಂಗಡ ಕೇಳಿದ, ಕೊಡಲಿಲ್ಲ. ಕಾನೂನು ಪ್ರಕಾರ ಡೆಪಾಸಿಟ್ ಒಂದು ತಿಂಗಳದ್ದು, ಅದರ ಮೇಲೆ ಗ್ಯಾರಂಟಿ ಅಂತ ಕೇಳಿದರೂ ಸಾಮಾನ್ಯವಾಗಿ ಎರಡು ತಿಂಗಳಷ್ಟೇ. ಗಟ್ಟಿಯಾಗಿ ನಿಲ್ಲಿ. ಮನೆ ಸಿಕ್ಕ ತಕ್ಷಣ ನಗರಸಭೆಯಲ್ಲಿ ವಿಳಾಸ ನೋಂದಾಯಿಸಿ, ಮುಂದೆ ಬಹಳ ಕೆಲಸಕ್ಕೆ ಅದೇ ಆಧಾರ.

ಊಟದ ಚಿಂತೆ ಬೇಡ. ಇಲ್ಲಿನ ಪಾಯೆಯಾ ಅನ್ನೋ ಅನ್ನದ ಅಡುಗೆಯಲ್ಲಿ ಕೋಳಿ, ಮೊಲ ಇರುತ್ತೆ, ಕೇಳದೆ ತಿನ್ನಬೇಡಿ. ಆದರೆ ಅದಕ್ಕೆ ಹಾಕುವ ಗರೋಫೋ ಕಾಳು ನಮ್ಮ ಡಬಲ್ ಬೀನ್ಸೇ! ಮೆರ್ಕಾಡೊ ಸೆಂಟ್ರಲ್ ಮಾರ್ಕೆಟ್ಟಿಂದ ತಂದು ಹುಳಿ ಮಾಡಿದೆವು, ಬೆಣ್ಣೆ ಹಾಗೆ ಬೆಂದಿತ್ತು.

ಚಳಿಗಾಲದಲ್ಲಿ ಮನೆಯೊಳಗೇ ಜಾಸ್ತಿ ಥಂಡಿ. ಹೀಟಿಂಗ್ ಇದೆಯಾ ನೋಡಿಯೇ ಸಹಿ ಹಾಕಿ.