ಇಂಪೋರ್ಟ್ ಆದ ಎರಡೇ ಸೆಕೆಂಡಿಗೆ ಬಣ್ಣ ಹೋಗುತ್ತೆ, ಅನುಭವ ಇದ್ದೋರು ಹೇಳ್ರಪ್ಪ

ದಾವಣಗೆರೆ ಹೊಸಬ: ನಿಕಾನ್ ಡಿ750, 14 ಬಿಟ್ ಎನ್‌ಇಎಫ್ (ನಿಕಾನಿನ ರಾ ಫೈಲ್, ಅಂದ್ರೆ ಸೆನ್ಸರಿನ ಹಸಿ ಡೇಟಾ), ಎಡಿಟ್‌ಗೆ ಲೈಟ್‌ರೂಮ್ ಕ್ಲಾಸಿಕ್, ವಿಂಡೋಸ್ ಲ್ಯಾಪ್‌ಟಾಪ್. ಇಂಪೋರ್ಟ್ ಆದ ಕೂಡ್ಲೇ ಫೋಟೊ ಕ್ಯಾಮೆರಾ ಹಿಂದಿನ ಪರದೆಯಲ್ಲಿ ಕಂಡಂಗೇ ಇರುತ್ತೆ. ಎರಡು ಸೆಕೆಂಡಿಗೆ ತಾನಾಗೇ ಮಂಕಾಗಿ, ಅರ್ಧ ಸ್ಟಾಪ್ (ಬೆಳಕಿನ ಅಳತೆ) ಕತ್ತಲೂ ಆಗುತ್ತೆ. ಧಾರೆ ಸೀರೆಯ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ರಿಸೆಪ್ಶನ್ ಫೋಟೊಗಳಲ್ಲಿ ಸ್ಟೇಜಿನ ನೀಲಿ ಎಲ್‌ಇಡಿ ಬಿದ್ದ ಮುಖಗಳೆಲ್ಲ ನೇರಳೆ. ಒಟ್ಟು 1,400 ಫೋಟೊ, ಮುಂದಿನ ವಾರ ಆಲ್ಬಂಗೆ ಕೊಡಬೇಕು. ಹೊಸ ಮಾನಿಟರ್ ಕೊಳ್ಳೋ ದುಡ್ಡಿಲ್ಲ, ದಯವಿಟ್ಟು ಅದನ್ನ ಹೇಳಬೇಡಿ.

ಕುಂದವಾಡ ಕೆರೆ ದಂಡೆ: ಮೊದಲು ಕಂಡದ್ದು ರಾ ಅಲ್ಲ ತಮ್ಮ, ಎನ್‌ಇಎಫ್ ಒಳಗೆ ಕ್ಯಾಮೆರಾನೇ ಇಟ್ಟಿರೋ ಜೆಪೆಗ್. ಆಮೇಲೆ ಲೈಟ್‌ರೂಮ್ ತನ್ನ ಅಡೋಬ್ ಕಲರ್ ಪ್ರೊಫೈಲ್, ಅಂದ್ರೆ ಬಣ್ಣದ ಪಾಕವಿಧಾನ, ಹಾಕಿ ಮೊದಲಿಂದ ಅಡುಗೆ ಮಾಡುತ್ತೆ. 2018ರಿಂದ ಅದೇ ಡಿಫಾಲ್ಟ್. ಇದು ಗೊತ್ತಿಲ್ಲದೆ ವೈಬ್ರನ್ಸ್ +25, ಸ್ಯಾಚುರೇಶನ್ +15 ಹಾಕಿ ಮೂರು ಮದುವೆ ಮುಗಿಸಿದೀನಿ. ಅರಿಶಿನದ ಶಾಸ್ತ್ರದ ಫೋಟೊ ಎಲ್ಲಾ ಕಾಮಾಲೆ ವಾರ್ಡ್ ಇದ್ದಂಗಿತ್ತು.

ಪ್ರಿಫರೆನ್ಸಸ್, ಪ್ರಿಸೆಟ್ಸ್, ರಾ ಡಿಫಾಲ್ಟ್ಸ್‌ಗೆ ಹೋಗಿ ಗ್ಲೋಬಲ್ ಅನ್ನೋದನ್ನ ಕ್ಯಾಮೆರಾ ಸೆಟ್ಟಿಂಗ್ಸ್ ಮಾಡು. ಇದು ಮುಂದಿನ ಇಂಪೋರ್ಟಿಗೆ ಮಾತ್ರ. ಈಗಾಗಲೇ ಒಳಗಿರೋ 1,400ಕ್ಕೆ ರಿಸೆಟ್ ಒತ್ತಬೇಡ, ಮಾಡಿದ ಎಡಿಟ್ಟೂ ಹೋಗುತ್ತೆ. ಒಂದು ಫೋಟೊಗೆ ಕ್ಯಾಮೆರಾ ಸ್ಟ್ಯಾಂಡರ್ಡ್ ಪ್ರೊಫೈಲ್ ಹಾಕು, ಎಲ್ಲಾ ಸೆಲೆಕ್ಟ್ ಮಾಡು, ಸಿಂಕ್ ಒತ್ತು, ಚೆಕ್ ನನ್ ಮಾಡಿ ಟ್ರೀಟ್‌ಮೆಂಟ್ ಅಂಡ್ ಪ್ರೊಫೈಲ್ ಒಂದಕ್ಕೇ ಟಿಕ್ ಹಾಕು. ವೈಟ್ ಬ್ಯಾಲೆನ್ಸ್‌ಗೆ ಟಿಕ್ ಉಳಿದರೆ ಮುಗೀತು, ಮುಹೂರ್ತದ ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ರಿಸೆಪ್ಶನ್ ಮೇಲೂ ಕೂರುತ್ತೆ.

ಅರ್ಧ ಸ್ಟಾಪ್ ಕತ್ತಲಿಗೆ ಆಕ್ಟಿವ್ ಡಿ-ಲೈಟಿಂಗ್ ಕಾರಣ ಇರಬೇಕು. ಅದು ಎಕ್ಸ್‌ಪೋಶರ್ ಇಳಿಸಿ ತೆಗೆದು, ಜೆಪೆಗ್‌ನಲ್ಲಿ ಮಾತ್ರ ನೆರಳು ಎತ್ತುತ್ತೆ. ರಾನಲ್ಲಿ ಉಳಿಯೋದು ಇಳಿಸಿದ್ದೊಂದೇ. ತೆಗೆದಿರೋದಕ್ಕೆ ಎಕ್ಸ್‌ಪೋಶರ್ +0.5, ಹೈಲೈಟ್ಸ್ -30 ಹಾಕು. ಮುಂದಕ್ಕೆ ಆಫ್.

ಗಾಜಿನ ಮನೆ: ಪ್ರೊಫೈಲ್ ಪ್ರೊಫೈಲ್ ಅಂತ ಎಲ್ರೂ ಅಂತಾರೆ, ಮಾನಿಟರ್ ಸುಳ್ಳು ಹೇಳ್ತಿದ್ರೆ ಯಾವ ಪ್ರೊಫೈಲ್ ಏನು ಮಾಡುತ್ತೆ? ಲ್ಯಾಪ್‌ಟಾಪ್ ಜೊತೆ ಬಂದ ಡಿಸ್‌ಪ್ಲೇ ಪ್ರೊಫೈಲ್ ಕೆಟ್ಟು, ಲೈಟ್‌ರೂಮ್‌ನಲ್ಲಿ ಬಿಳಿ ಪಂಚೆ ಎಲ್ಲಾ ಹಳದಿ ಕಾಣ್ತಿತ್ತು. ಅದನ್ನ ಬಿಳಿ ಮಾಡ್ತಾ ಕೂತು 62 ಶೀಟ್ ನೀಲಿ ಹೊಡೆಸಿ ಪ್ರಿಂಟಿಗೆ ಕಳಿಸಿದೆ. ಮತ್ತೆ ಪ್ರಿಂಟಿಗೆ ₹14,800, ಕೊರಿಯರ್ ₹450 ಬೇರೆ. ಆಮೇಲೆ ₹17,500 ಹಾಕಿ ಪರದೆಯ ಬಣ್ಣ ಅಳೆದು ಸರಿಮಾಡೋ ಕ್ಯಾಲಿಬ್ರೇಟರ್ ತಗೊಂಡೆ, ಒಂದು ಪೈಸೆಗೂ ಹೊಟ್ಟೆ ಉರಿದಿಲ್ಲ. ಪರದೆ ಅರ್ಧ ಗಂಟೆ ಬೆಚ್ಚಗಾಗಬೇಕು, ಬಿಳಿ ಡಿ65 (ಹಗಲ ಬೆಳಕಿನ ಬಿಳಿ), ಗಾಮಾ 2.2, ಹೊಳಪು ಚದರ ಮೀಟರಿಗೆ 100 ಕ್ಯಾಂಡೆಲಾ, ತಿಂಗಳಿಗೊಮ್ಮೆ. ಪ್ರಿಂಟ್ ಕಪ್ಪಾಗಿ ಬಂತು ಅನ್ನೋರಲ್ಲಿ ಮುಕ್ಕಾಲು ಜನರ ಪರದೆ ಪೂರ್ತಿ ಹೊಳಪಲ್ಲಿ ಉರೀತಿರುತ್ತೆ.

ಕುಂದವಾಡ ಕೆರೆ ದಂಡೆ: ಮಾನಿಟರ್ ಬೇಡ ಅಂತ ಹುಡುಗ ಕೈಮುಗಿದು ಕೇಳಿದಾನಲ್ರೀ. ಮಾನಿಟರ್ ಕೆಟ್ಟಿದ್ರೆ ಮೊದಲ ಎರಡು ಸೆಕೆಂಡೂ ಕೆಟ್ಟೇ ಕಾಣಬೇಕು. ಅದೇ ಪರದೆ ಮೇಲೆ ಬಣ್ಣ ಬದಲಾಗ್ತಿದೆ ಅಂದ್ರೆ ತಪ್ಪು ಪರದೇದಲ್ಲ.

ಗಾಜಿನ ಮನೆ: ಬದಲಾದ ಮೇಲೆ ಉಳಿದ ಬಣ್ಣನಾದ್ರೂ ಸರಿ ಅಂತ ಯಾವ ಆಧಾರದ ಮೇಲೆ ಹೇಳ್ತೀರಿ? ಕಣ್ಣಿಂದನಾ? ದುಡ್ಡಿಲ್ಲದಿದ್ರೆ ಕನಿಷ್ಠ ವಿಂಡೋಸ್‌ನ ಕಲರ್ ಮ್ಯಾನೇಜ್‌ಮೆಂಟ್ ತೆಗೆದು, ಯೂಸ್ ಮೈ ಸೆಟ್ಟಿಂಗ್ಸ್‌ಗೆ ಟಿಕ್ ಹಾಕಿ, ಎಸ್‌ಆರ್‌ಜಿಬಿ ಪ್ರೊಫೈಲ್ ಸೇರಿಸಿ ಡಿಫಾಲ್ಟ್ ಮಾಡಿ ಲೈಟ್‌ರೂಮ್ ಮುಚ್ಚಿ ತೆಗೀಲಿ. ಹಳದಿ ಹೋದ್ರೆ ಹಳೇ ಪ್ರೊಫೈಲ್ ಕೆಟ್ಟಿತ್ತು ಅಂತ. ಪರದೆ ಹಳದಿ ಮಾಡೋ ನೈಟ್ ಲೈಟ್ ಆಫ್ ಇದೆಯಾ ಅಂತಾನೂ ನೋಡ್ಲಿ. ಇದಕ್ಕೆ ಒಂದು ರೂಪಾಯಿ ಬೇಡ.

ಮಂಡಕ್ಕಿ ಮಿರ್ಚಿ: ಕ್ಯಾಮೆರಾದಲ್ಲಿ ಕಲರ್ ಸ್ಪೇಸ್ (ಬಣ್ಣಗಳ ವ್ಯಾಪ್ತಿ) ಅಡೋಬ್ ಆರ್‌ಜಿಬಿ ಇದ್ರೆ ಹಿಂಗೇ ಆಗೋದು. ಎಸ್‌ಆರ್‌ಜಿಬಿ ಮಾಡ್ರಿ, ಸರಿಹೋಗುತ್ತೆ.

ಕೋಟೆ ಗಾಳಿ: ಅಯ್ಯೋ ಮಿರ್ಚಿ ಅಣ್ಣ, ರಾಗೂ ಅದಕ್ಕೂ ಸಂಬಂಧ ಇಲ್ಲ. ಆ ಸೆಟ್ಟಿಂಗ್ ಜೆಪೆಗ್‌ಗೆ. ನಿಕಾನಲ್ಲಿ ಅಡೋಬ್ ಆರ್‌ಜಿಬಿ ಇಟ್ರೆ ಫೈಲ್ ಹೆಸರು ಅಂಡರ್‌ಸ್ಕೋರಿಂದ ಶುರುವಾಗುತ್ತೆ, ರಾ ಒಳಗಿನ ಸೆನ್ಸರ್ ಡೇಟಾ ಅದೇ ಇರುತ್ತೆ.

ನಾನು ಚಿತ್ರದುರ್ಗದಲ್ಲಿ ಲಿನಕ್ಸ್, ಡಾರ್ಕ್‌ಟೇಬಲ್ ಅನ್ನೋ ಉಚಿತ ರಾ ಎಡಿಟರ್. ತಿಂಗಳ ಬಾಡಿಗೆ ಇಲ್ಲ. ಅದರ ಕಾಟ ಬೇರೆ ಥರ. ಕೋಟೆ ಮೇಲಿಂದ ಸಂಜೆ ಗಾಳಿಯಂತ್ರಗಳನ್ನ ತೆಗೆದರೆ ಸೂರ್ಯನ ಸುತ್ತ ಗುಲಾಬಿ ಬಳೆ. ಕಾರಣ ಏನಂದ್ರೆ ಹಸಿರು ಚಾನೆಲ್ ಮೊದಲು ತುಂಬಿ ನಿಂತುಬಿಡುತ್ತೆ. ವೈಟ್ ಬ್ಯಾಲೆನ್ಸ್ ಕೆಂಪನ್ನೂ ನೀಲಿಯನ್ನೂ ಗುಣಿಸಿ ಅದರ ಮೇಲಕ್ಕೆ ಒಯ್ಯುತ್ತೆ. ಕೆಂಪು ನೀಲಿ ಜಾಸ್ತಿ ಅಂದ್ರೆ ಗುಲಾಬಿ. ಅದನ್ನ ಕತ್ತರಿಸೋಕೆ ಹೈಲೈಟ್ ರೀಕನ್‌ಸ್ಟ್ರಕ್ಷನ್ ಇದೆ, ಆದ್ರೆ ಸೆನ್ಸರ್ ಎಲ್ಲಿ ತುಂಬುತ್ತೆ ಅಂತ ಅದಕ್ಕೆ ಸರಿಯಾಗಿ ಗೊತ್ತಿರಬೇಕು. 14 ಬಿಟ್‌ನ ತುದಿ 16383. ನಿಜವಾದ ತುಂಬು ಅದಕ್ಕಿಂತ ಕೆಳಗಿದ್ರೆ ರಾ ಬ್ಲ್ಯಾಕ್-ವೈಟ್ ಪಾಯಿಂಟ್ ಮಾಡ್ಯೂಲ್‌ನಲ್ಲಿ ವೈಟ್ ಪಾಯಿಂಟನ್ನ ನೂರು ನೂರರಂತೆ ಇಳಿಸ್ತಾ ಗುಲಾಬಿ ಮಾಯವಾದಲ್ಲಿ ನಿಲ್ಲಿಸಬೇಕು. ನೆರಳು ಗುಲಾಬಿ ಆದ್ರೆ ಬ್ಲ್ಯಾಕ್ ಲೆವೆಲ್ ತಪ್ಪು.

ಇನ್ನೊಂದು, ಕಲರ್ ಕ್ಯಾಲಿಬ್ರೇಶನ್ (ಅದೂ ವೈಟ್ ಬ್ಯಾಲೆನ್ಸ್ ಮಾಡೋದೇ) ಆನ್ ಇರುವಾಗ ವೈಟ್ ಬ್ಯಾಲೆನ್ಸ್ ಮಾಡ್ಯೂಲ್ ರೆಫರೆನ್ಸ್ ಆಯ್ಕೆಯಲ್ಲೇ ಇರಬೇಕು. ಎರಡನ್ನೂ ತಿರುಗಿಸಿದ್ರೆ ಒಂದೇ ಪಾತ್ರೆ ಸಾರಿಗೆ ಎರಡು ಸಲ ಉಪ್ಪು ಹಾಕಿದಂಗೆ. ಕೋಟೆಯ ಕಲ್ಲು ಬೂದು ಆಗೋ ಬದಲು ಹುರಿದ ಶೇಂಗಾ ಬಣ್ಣ ಆಗಿರುತ್ತೆ.

ಗಾಜಿನ ಮನೆ: ಉಚಿತ ಸಾಫ್ಟ್‌ವೇರ್ ಅಂದ್ರೆ ಇದೇ. ಗಿರಾಕಿ ಆಲ್ಬಂ ಕೇಳ್ತಿರ್ತಾನೆ, ನೀವು ನೂರು ನೂರು ಇಳಿಸ್ತಾ ಕೂತಿರ್ತೀರಿ.

ಕೋಟೆ ಗಾಳಿ: ಬಾಡಿಗೆ ಕಟ್ಟಿ ₹14,800 ಶೀಟ್ ಹರಿದವರು ನಾನಲ್ಲ.

ದಾವಣಗೆರೆ ಹೊಸಬ: ಪ್ರೊಫೈಲ್ ಬದಲಾಯಿಸಿದೆ, ಸೀರೆ ಬಣ್ಣ ಹತ್ತಿರ ಹತ್ತಿರ ಬಂತು, ಕೆರೆ ದಂಡೆಯವರಿಗೆ ಥ್ಯಾಂಕ್ಸ್. ಬಾರ್ಡರ್ ಪಕ್ಕ ಮಾತ್ರ ನೆರಿಗೆ ಕಾಣದೆ ಒಂದೇ ಕೆಂಪು ಗುಡ್ಡೆ. ನೇರಳೆ ಮುಖಕ್ಕೆ ಯಾರೂ ಏನೂ ಹೇಳಲಿಲ್ಲ.

ಹರಿಹರದ ಹೊಳೆ: ನೇರಳೆ ಅಂದ್ರಾ? ಕಾರ್ಡ್ ರೀಡರ್! ₹250ರ ರೀಡರ್ ನಂಬಿ 180 ಫೋಟೊದ ರಾ ಕಳ್ಕೊಂಡಿದೀನಿ. ಮೊದಲು ಚೆನ್ನಾಗಿ ಕಂಡು, ಜೂಮ್ ಮಾಡಿದ ಕೂಡ್ಲೇ ಕೆಳಗಿನ ಅರ್ಧ ನೇರಳೆ ಪಟ್ಟಿ ಪಟ್ಟಿ. ಒಳಗಿನ ಜೆಪೆಗ್ ಗಟ್ಟಿಯಾಗಿದ್ದು ರಾ ಡೇಟಾ ಮುರಿದಿರುತ್ತೆ. ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಬೇರೆ ರೀಡರಲ್ಲಿ ಬೇರೆ ಫೋಲ್ಡರಿಗೆ ಮತ್ತೆ ಕಾಪಿ ಮಾಡಿ. ಎರಡನೇ ಕಾಪಿ ಶುದ್ಧ ಬಂದ್ರೆ ರೀಡರ್ ಅಥವಾ ಕೇಬಲ್ ತಪ್ಪು, ಅದೇ ಜಾಗದಲ್ಲೇ ಪಟ್ಟಿ ಬಂದ್ರೆ ಕಾರ್ಡ್ ತಪ್ಪು. ರಾ ಡೇಟಾ ಕೆಟ್ಟ ಎನ್‌ಇಎಫ್ ಒಳಗಿಂದಲೂ, ಒಳಗಿನ ಜೆಪೆಗ್ ಉಳಿದಿದ್ರೆ, ಎಕ್ಸಿಫ್‌ಟೂಲ್ ಅನ್ನೋ ಸಾಫ್ಟ್‌ವೇರ್ ಹಾಕಿ ಆ ದೊಡ್ಡ ಜೆಪೆಗ್ ಹೊರಗೆ ಎಳೀಬಹುದು. ನನ್ನ 180ರಲ್ಲಿ 171 ಜೆಪೆಗ್ ಆಗಿ ಉಳಿದ್ವು.

ಕುಂದವಾಡ ಕೆರೆ ದಂಡೆ: ಹೊಳೆ ಅಣ್ಣ, ಅವನು ಮುಖ ಅಂದ, ಪಟ್ಟಿ ಅನ್ನಲಿಲ್ಲ.

ಹರಿಹರದ ಹೊಳೆ: ಪಟ್ಟಿ ಬರೋವರೆಗೂ ಎಲ್ರೂ ಹಂಗೇ ಅಂತಾರೆ.

ಜೋಗಿಮಟ್ಟಿ: ಮುಖದ ವಿಷಯ. ಅಚ್ಚ ನೀಲಿ ಎಲ್‌ಇಡಿಯಲ್ಲಿ ಕೆಂಪು ಬೆಳಕೇ ಇರಲ್ಲ. ಚರ್ಮದ ಕೆಂಪು ಸೆನ್ಸರಿಗೆ ಬಿದ್ದೇ ಇಲ್ಲ ಅಂದಮೇಲೆ ಕೆಲ್ವಿನ್ ಎಳೆದು ಏನು ತರ್ತೀರಿ? ವೈಟ್ ಬ್ಯಾಲೆನ್ಸ್ ಐಡ್ರಾಪರ್ ಒತ್ತಿದ್ರೆ ಮುಖ ಇನ್ನೂ ಹೆಣದ ಬಣ್ಣ. ಆ ಫೋಟೊಗಳಿಗೆ ಮಾತ್ರ ಅಡೋಬ್ ನ್ಯೂಟ್ರಲ್ ಅಥವಾ ಕ್ಯಾಮೆರಾ ಫ್ಲ್ಯಾಟ್ ಹಾಕಿ. ಕೆಳಗಡೆ ಕ್ಯಾಲಿಬ್ರೇಶನ್ ಪ್ಯಾನೆಲ್‌ನಲ್ಲಿ ಬ್ಲೂ ಪ್ರೈಮರಿ ಸ್ಯಾಚುರೇಶನ್ -40ರಿಂದ -60. ಮೂಗಿನ ಗೆರೆ, ಕೆನ್ನೆಯ ಉಬ್ಬು ವಾಪಸ್ ಕಾಣೋಕೆ ಶುರುವಾಗುತ್ತೆ, ಅಲ್ಲಿ ನಿಲ್ಲಿಸಿ. ಆಮೇಲೆ ಒಂದೊಂದೇ ಬಣ್ಣ ತಿದ್ದೋ ಎಚ್‌ಎಸ್‌ಎಲ್‌ನಲ್ಲಿ ಪರ್ಪಲ್ ಲ್ಯೂಮಿನನ್ಸ್ +20. ಆದ್ರೂ ಆಗದ್ದನ್ನ ಕಪ್ಪು-ಬಿಳುಪು ಮಾಡಿ ಆಲ್ಬಮ್ಮಿನ ಒಂದು ಪುಟಕ್ಕೆ ಸೇರಿಸಿ, ಯಾರೂ ಕೇಳಲ್ಲ.

ಕೆಂಪು ಗುಡ್ಡೆಯ ಕಾಯಿಲೆ ಬೇರೆ, ಅಲ್ಲಿ ಕೆಂಪು ಚಾನೆಲ್ ತುಂಬಿ ಹರಿದಿದೆ. ಕ್ಯಾಮೆರಾದಲ್ಲಿ ಬಿಳಿ ಹಿಸ್ಟೋಗ್ರಾಂ (ಬೆಳಕಿನ ಗ್ರಾಫ್) ಒಂದನ್ನೇ ನೋಡಿದ್ರೆ ಕಾಣಲ್ಲ, ಆರ್‌ಜಿಬಿ ಹಿಸ್ಟೋಗ್ರಾಂ ತೆಗೀರಿ. ಕೆಂಪು ಸೀರೆ, ಕುಂಕುಮ ಇದ್ದಲ್ಲಿ ಎಕ್ಸ್‌ಪೋಶರ್ -0.7ಕ್ಕೆ ಇಳಿಸಿ ತೆಗೀರಿ.

ಆಲ್ಬಂಗೆ ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಆರ್‌ಜಿಬಿ. ಪ್ರೊಫೋಟೊ ಅನ್ನೋ ದೊಡ್ಡ ಕಲರ್ ಸ್ಪೇಸಲ್ಲಿ ಕಳಿಸಿದ್ದನ್ನ ಲ್ಯಾಬಿನವರು ಪ್ರೊಫೈಲ್ ಓದದೆ ಹೊಡೆದ್ರೆ ರೇಷ್ಮೆ ಸೀರೆ ಹತ್ತು ಸಲ ಒಗೆದಂಗೆ ಬರುತ್ತೆ.

ಮಂಡಕ್ಕಿ ಮಿರ್ಚಿ: ತಪ್ಪೆಲ್ಲಾ ಡೆಕೊರೇಶನ್‌ನವರದ್ದು. ಮಂಟಪಕ್ಕೆ ಹಳದಿ ಸೀರಿಯಲ್ ಸೆಟ್, ಸ್ಟೇಜಿಗೆ ನೀಲಿ, ನಡುವೆ ವಿಡಿಯೊದವರ 5600 ಕೆಲ್ವಿನ್ ಪ್ಯಾನೆಲ್. ಶಟರ್ 1/250ರಲ್ಲಿ ತೆಗೆದ್ರೆ ಒಂದು ಫ್ರೇಮ್ ಹಳದಿ, ಮುಂದಿನದು ಹಸಿರು.

ಜೋಗಿಮಟ್ಟಿ: ಅದು ಫ್ಲಿಕರ್. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತೆ. 1/100 ಅಥವಾ 1/50ರಲ್ಲಿ ತೆಗೀರಿ, ಪ್ರತಿ ಫ್ರೇಮಿಗೂ ಪೂರ್ತಿ ಮಿಣುಕು ಸಿಗುತ್ತೆ.

ಮಂಡಕ್ಕಿ ಮಿರ್ಚಿ: 1/100ರಲ್ಲೂ ಬಂತಲ್ರೀ! ಆಲ್ಬಂ ಕವರಿನ ಫೋಟೊನೇ ಅರ್ಧ ಹಸಿರು.

ಜೋಗಿಮಟ್ಟಿ: ಡಿಮ್ಮರ್ ಇತ್ತಾ?

ಮಂಡಕ್ಕಿ ಮಿರ್ಚಿ: ಇತ್ತು. ಅವರು ಅರ್ಧಕ್ಕೆ ಇಳಿಸಿದ್ರು.

ಜೋಗಿಮಟ್ಟಿ: ಡಿಮ್ಮರ್ ಇದ್ರೆ ಮಿಣುಕಿನ ಲೆಕ್ಕನೇ ಬೇರೆ, 1/100 ನಂಬೋಕಾಗಲ್ಲ. ದೀಪ ಪೂರ್ತಿ ಹೊಳಪಿಗೆ ತಿರುಗಿಸೋಕೆ ಹೇಳಿ, ಜಾಸ್ತಿ ಆಯ್ತು ಅನ್ನಿಸಿದ್ರೆ ಐಎಸ್‌ಒ ಇಳಿಸ್ರಿ.

ಹರಿಹರದ ಹೊಳೆ: ಅರ್ಧ ಹಸಿರು ಅಂದ್ರಾ? ರೀಡರ್ ಯಾವುದು?