ಕಲ್ಲೋ, ತಾಮ್ರವೋ, ತಾಳೆಗರಿಯೋ: ಬರೆಸಿದವರು ಅನುಭವ ತಿಳಿಸಿ

ಪ್ರಶ್ನೆ (ಶಿಕಾರಿಪುರ): ನಮ್ಮೂರ ಕೆರೆಯ ನೀರಿನ ಪಾಲು, ತೂಬಿನ ಸರದಿ ಹಾಗೂ ಮನೆತನದ ವಂಶಾವಳಿಯನ್ನು 500 ವರ್ಷವಾದರೂ ಉಳಿಯುವಂತೆ ಬರೆಸಬೇಕೆಂದಿದ್ದೇನೆ. ನಾಲ್ಕು ಪುಟಗಳಷ್ಟು ವಿಷಯವಿದೆ. ಯಾವುದರ ಮೇಲೆ ಬರೆಸುವುದು ಒಳ್ಳೆಯದು?

ಉತ್ತರ (ಚಾಮರಾಜನಗರ): ನಾನು ಕಪ್ಪು ಗ್ರಾನೈಟಿನ ಮೇಲೆ ಉಳಿಯಿಂದಲೇ ಕೊರೆಸಿದ್ದೇನೆ. ಚಪ್ಪಡಿಗೆ 18,000, ಅಕ್ಷರಕ್ಕೆ 12 ರೂಪಾಯಿಯಂತೆ 1,400 ಅಕ್ಷರಗಳಿಗೆ 16,800, ಲಾರಿಗೆ 6,500, ನಿಲ್ಲಿಸಲು ಕ್ರೇನಿಗೆ 4,000. ಕೊನೆಯ ಸಾಲಿನ ಒತ್ತಕ್ಷರ ಕೊರೆಯುವಾಗ ಮೂಲೆ ಚಕ್ಕೆಯೆದ್ದಿತು. ಅಂಗಡಿಯವರು ಹೊಣೆ ಹೊರದೆ ಹೊಸ ಚಪ್ಪಡಿಯ ಹಣವನ್ನೂ ನನ್ನಿಂದಲೇ ವಸೂಲು ಮಾಡಿದರು. ಆದರೂ ಲೇಸರ್ ಬರಹಕ್ಕೆ ಒಪ್ಪಲಿಲ್ಲ, ಏಕೆಂದರೆ ಅದು ಮೇಲಿನ ಮೆರುಗನ್ನಷ್ಟೇ ಕೆರೆಯುತ್ತದೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನು ಇಂದಿಗೂ ಓದಬಹುದು; ಇದಕ್ಕಿಂತ ಸಾಕ್ಷಿ ಬೇಕೆ?

ಉತ್ತರ (ಮೈಸೂರು): ಹಲ್ಮಿಡಿಯಲ್ಲಿ ಈಗ ನಿಂತಿರುವುದು ಪ್ರತಿಕೃತಿ, ಮೂಲವನ್ನು ಸಾಗಿಸಿ ಕಾಯಬೇಕಾಯಿತು. ಶಾಸನತಜ್ಞ ಬಿ. ಎಲ್. ರೈಸ್ ಅವರು 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಎಷ್ಟೋ ಶಾಸನಗಳ ಕಲ್ಲುಗಳು ರಸ್ತೆ, ಕಟ್ಟಡಗಳ ಅಡಿ ಸೇರಿ, ಪಾಠ ಮಾತ್ರ ಕಾಗದದಲ್ಲಿ ಉಳಿದಿದೆ. ಆದ್ದರಿಂದಲೇ ನಾನು ತಾಮ್ರಪಟ ಮಾಡಿಸಿದೆ: 3 ಮಿ.ಮೀ. ದಪ್ಪದ ಐದು ಹಲಗೆ, 8 ಕೆ.ಜಿ. ತಾಮ್ರ, ಹಲಗೆಯೊಂದಕ್ಕೆ 2,200 ರೂಪಾಯಿಯಂತೆ ಆಮ್ಲದ ಕೊರೆತ. ಎರಡು ಹಲಗೆಗಳಲ್ಲಿ ಆಮ್ಲ ಹರಡಿ ಸೊನ್ನೆಗಳೆಲ್ಲ ಕಲಸಿಹೋದವು. ತಾಮ್ರವನ್ನು ಮತ್ತೆ ಕೊಳ್ಳಬೇಕಾಯಿತು. ಅಂಚನ್ನು ಹಳೆಯ ಶಾಸನಗಳಂತೆ ಎತ್ತರಿಸಿ, ಹಲಗೆಗಳನ್ನು ಪೋಣಿಸಲು ಬಳೆ ಹಾಕಿಸಿದ್ದೇನೆ. ಅಂಚು ಎತ್ತರವಿರುವುದರಿಂದ ಹಲಗೆಗಳು ಒಂದಕ್ಕೊಂದು ಉಜ್ಜಿದರೂ ಅಕ್ಷರ ಸವೆಯುವುದಿಲ್ಲ.

ಉತ್ತರ (ಚಾಮರಾಜನಗರ): ರೈಸ್ ಅವರಿಗೆ ಪಾಠ ದೊರೆತದ್ದೇ ಆ ಕಲ್ಲುಗಳು ಅಲ್ಲಿಯವರೆಗೆ ಮಳೆ ಬಿಸಿಲಿಗೆ ಜಗ್ಗದೆ ನಿಂತಿದ್ದರಿಂದ, ಸ್ವಾಮಿ. ನಿಮ್ಮ 8 ಕೆ.ಜಿ. ತಾಮ್ರ ಯಾರದೋ ಕಷ್ಟಕಾಲದಲ್ಲಿ ಗುಜರಿಗೆ ಹೋಗಿ ಕರಗಿದರೆ ಯಾರು ತಡೆಯುತ್ತಾರೆ? ಕಲ್ಲನ್ನು ಯಾರೂ ಕರಗಿಸುವುದಿಲ್ಲ.

ಉತ್ತರ (ಮೈಸೂರು): ಕರಗಿಸುವುದಿಲ್ಲ, ಒಡೆದು ಜಲ್ಲಿ ಮಾಡುತ್ತಾರೆ. ನಮ್ಮ ತಾತನ ಊರಿನ ವೀರಗಲ್ಲು ಇಂದು ಒಂದು ಮನೆಯ ಬಚ್ಚಲ ಹಾಸುಗಲ್ಲಾಗಿದೆ. ಬಿಡಿಸಿಕೊಳ್ಳಲು ಹೋಗಿ ಬೈಸಿಕೊಂಡು ಬಂದವನು ನಾನು.

ಉತ್ತರ (ಮೂಡುಬಿದಿರೆ): ಇಬ್ಬರೂ ವಸ್ತುವಿನ ಗಟ್ಟಿತನವನ್ನೇ ಹಿಡಿದು ಜಗಳವಾಡುತ್ತಿದ್ದೀರಿ. ನಮ್ಮೂರಿನ ಸಿದ್ಧಾಂತ ಬಸದಿಯಲ್ಲಿ ಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳು ತಾಳೆಗರಿಯ ಮೇಲೆಯೇ ಶತಮಾನಗಳನ್ನು ಕಳೆದಿವೆ, ಅದೂ ಕರಾವಳಿಯ ಈ ತೇವದಲ್ಲಿ. ನಾನು ನಮ್ಮ ಮನೆಯ ಗರಿಗಳಿಗೆ ಮಳೆಗಾಲ ಮುಗಿದೊಡನೆ ಗೀರಿದ ಅಕ್ಷರ ಕಾಣುವಂತೆ ದೀಪದ ಮಸಿ ಹಚ್ಚಿ ಒರೆಸಿ, ಹುಳು ಬಾರದಂತೆ ಸಿಟ್ರೊನೆಲ್ಲಾ ಎಣ್ಣೆ ಸವರುತ್ತೇನೆ. ಎಣ್ಣೆಗೆ ವರ್ಷಕ್ಕೆ 900 ರೂಪಾಯಿ. ಗೆದ್ದಲು ತಿಂದ ಕಟ್ಟೊಂದನ್ನು ಕಣ್ಣಾರೆ ಕಂಡ ಮೇಲೆ ಹೊಸ ಗರಿಗಳ ಮೇಲೆ ಪ್ರತಿ ಮಾಡಿಸಲು ಆರಂಭಿಸಿದ್ದೇನೆ.

ಉತ್ತರ (ಚಾಮರಾಜನಗರ): ನಿಮ್ಮ ಮೊಮ್ಮಕ್ಕಳು ಎಣ್ಣೆ ಹಚ್ಚುತ್ತಾರೆಂದು ಯಾವ ಭರವಸೆ?

ಉತ್ತರ (ಮೂಡುಬಿದಿರೆ): ಹಚ್ಚುವುದನ್ನು ಈಗಲೇ ಅವರ ಕೈಯಲ್ಲಿ ಮಾಡಿಸುತ್ತಿದ್ದೇನೆ. ನಿಮ್ಮ ಕಲ್ಲನ್ನು ಓದಲು ನಿಮ್ಮ ಮನೆಯಲ್ಲಿ ಯಾರು ಹೋಗುತ್ತಾರೆಂದು ಮೊದಲು ಹೇಳಿ.